ಅಣು ದುರಂತದ ಭಯ: ವದಂತಿಗೆ ಕಿವಿಗೊಡದೆ ಕುಟುಂಬವನ್ನು ಕಾಪಾಡುವುದು ಹೇಗೆ?

2011ರ ಮಾರ್ಚ್ ತಿಂಗಳು. ಕರಾವಳಿಯಲ್ಲಿ ನಾನು ದವಾಖಾನೆ ತೆರೆದು ಹೆಚ್ಚು ಕಾಲವಾಗಿರಲಿಲ್ಲ. ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿಸಿ ಬಂದು ಕುಳಿತಿದ್ದೆ. ಒಬ್ಬ ತಾಯಿ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಗಾಬರಿಯಿಂದ ಒಳಗೆ ಬಂದರು. ಮಗುವಿನ ಕುತ್ತಿಗೆಯ ಸುತ್ತ ಚರ್ಮ ಕೆಂಪಾಗಿ ಅಲ್ಲಲ್ಲಿ ಬೊಬ್ಬೆ ಎದ್ದಿತ್ತು.

"ಏನು ಹಚ್ಚಿದಿರಿ?" ಎಂದು ಕೇಳಿದೆ.

"ಟಿಂಚರ್ ಅಯೋಡಿನ್ ಡಾಕ್ಟ್ರೇ. ಮೂರು ದಿನದಿಂದ ಹಚ್ಚುತ್ತಿದ್ದೇನೆ. ಜಪಾನಿನಲ್ಲಿ ಅಣು ಸ್ಥಾವರ ಸ್ಫೋಟಿಸಿದೆಯಂತೆ, ಇಲ್ಲೂ ವಿಷದ ಮಳೆ ಬರುತ್ತದಂತೆ. ದುಬೈಯಿಂದ ಇವಳ ಅಪ್ಪ ಮೆಸೇಜ್ ಕಳಿಸಿದ್ದರು."

ಮಗುವಿನ ಚರ್ಮ ಕೆಲವೇ ದಿನಗಳಲ್ಲಿ ವಾಸಿಯಾಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಹೊರಡುವಾಗ ಆ ತಾಯಿ ಕೇಳಿದ ಪ್ರಶ್ನೆ ನನ್ನಲ್ಲೇ ಉಳಿಯಿತು. "ಜಪಾನ್ ದೂರ, ಸರಿ. ನಮ್ಮ ಕೈಗಾದಲ್ಲೇ ಹಾಗಾದರೆ ಏನು ಮಾಡಬೇಕು, ಅದನ್ನಾದರೂ ಹೇಳಿ." ಅಂದು ನನಗೆ ಸರಿಯಾಗಿ ಉತ್ತರಿಸಲು ಆಗಲಿಲ್ಲ. ಆ ಬಳಿಕ ಓದಿ ತಿಳಿದುಕೊಂಡದ್ದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಫುಕುಶಿಮಾದಲ್ಲಿ ನಡೆದದ್ದೇನು?

2011ರ ಮಾರ್ಚ್ 11ರಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿ 9.0 ತೀವ್ರತೆಯ ಭೂಕಂಪವಾಯಿತು. ಅದರ ಹಿಂದೆಯೇ ಬಂದ ಸುನಾಮಿಯಲ್ಲಿ 18,000ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು. ಫುಕುಶಿಮಾ ದೈಚಿ ಅಣು ವಿದ್ಯುತ್ ಸ್ಥಾವರಕ್ಕೆ ಸುಮಾರು 14 ಮೀಟರ್ ಎತ್ತರದ ನೀರು ನುಗ್ಗಿತು. ಅಲ್ಲಿಯ ರಕ್ಷಣಾ ಲೆಕ್ಕಾಚಾರ ಇದ್ದದ್ದು ಅದರ ಅರ್ಧಕ್ಕಿಂತಲೂ ಕಡಿಮೆ ಎತ್ತರದ ಅಲೆಗೆ. ಡೀಸೆಲ್ ಜನರೇಟರ್‌ಗಳು ಮುಳುಗಿದವು, ರಿಯಾಕ್ಟರ್‌ಗಳನ್ನು ತಂಪಾಗಿಡುವ ಪಂಪುಗಳು ನಿಂತವು. ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. ಹೈಡ್ರೋಜನ್ ಅನಿಲ ಸೇರಿಕೊಂಡು ಕಟ್ಟಡಗಳು ಸ್ಫೋಟಿಸಿದವು. ಟಿ.ವಿ.ಯಲ್ಲಿ ನಾವು ನೋಡಿದ ಸ್ಫೋಟ ಅದೇ. ಅದು ಅಣುಬಾಂಬಿನಂಥ ಸ್ಫೋಟವಲ್ಲ. ಆದರೆ ವಿಕಿರಣ ಸೂಸುವ ಅಯೋಡಿನ್ ಮತ್ತು ಸೀಸಿಯಂ ಗಾಳಿಗೆ, ಮಣ್ಣಿಗೆ, ಸಮುದ್ರಕ್ಕೆ ಸೇರಿದವು. ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು.

ವಿಕಿರಣ ಎಂದರೆ ಏನು? ಎಷ್ಟು ಅಪಾಯ?

ವಿಕಿರಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಭಯ ಹೆಚ್ಚಾಗಲು ಇದೂ ಒಂದು ಕಾರಣ. ಆದರೆ ವಿಕಿರಣ ಸಂಪೂರ್ಣ ಹೊಸದಲ್ಲ. ನೆಲದಿಂದ, ಆಕಾಶದಿಂದ, ನಾವು ತಿನ್ನುವ ಆಹಾರದಿಂದಲೂ ಅಲ್ಪ ಪ್ರಮಾಣದ ವಿಕಿರಣ ಪ್ರತಿದಿನ ನಮ್ಮ ದೇಹವನ್ನು ತಲುಪುತ್ತದೆ. ದೇಹಕ್ಕೆ ತಗುಲುವ ಪ್ರಮಾಣವನ್ನು ಮಿಲಿಸೀವರ್ಟ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಿಸರ್ಗದಿಂದ ಮನುಷ್ಯನಿಗೆ ವರ್ಷಕ್ಕೆ ಸಿಗುವ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್. ಎದೆಯ ಒಂದು ಎಕ್ಸ್‌ರೇಯಿಂದ ಸುಮಾರು 0.1, ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನ್‌ನಿಂದ ಸುಮಾರು 8ರಿಂದ 10 ಮಿಲಿಸೀವರ್ಟ್ ತಗಲುತ್ತದೆ.

ಒಮ್ಮೆಗೇ ಸಾವಿರ ಮಿಲಿಸೀವರ್ಟ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚು ತಗುಲಿದರೆ ವಾಂತಿ, ರಕ್ತಕಣಗಳ ನಾಶ, ಸಾವು ಸಂಭವಿಸಬಹುದು. 1986ರಲ್ಲಿ ಚೆರ್ನೋಬಿಲ್ ಸ್ಥಾವರದ ಒಳಗೆ ಬೆಂಕಿಯೊಂದಿಗೆ ಹೋರಾಡಿದವರಿಗೆ ಆದದ್ದು ಇದೇ. 134 ಮಂದಿಗೆ ತೀವ್ರ ವಿಕಿರಣ ರೋಗ ಬಂತು, ಅವರಲ್ಲಿ 28 ಮಂದಿ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಕಡಿಮೆ ಪ್ರಮಾಣದ ವಿಕಿರಣದಿಂದ ತಕ್ಷಣ ಯಾವ ರೋಗವೂ ಬರುವುದಿಲ್ಲ. ಆದರೆ ಪ್ರಮಾಣ ಹೆಚ್ಚಿದಂತೆ ವರ್ಷಗಳ ಬಳಿಕ ಕ್ಯಾನ್ಸರ್ ಬರುವ ಸಾಧ್ಯತೆ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ. ಆದ್ದರಿಂದ "ವಿಕಿರಣ ಇದೆ" ಎಂಬ ಸುದ್ದಿ ಬಂದಾಗ "ಎಷ್ಟು ಇದೆ?" ಎಂದು ಕೇಳುವುದನ್ನು ಕಲಿಯಿರಿ. ಫುಕುಶಿಮಾದಲ್ಲಿ ಮನೆ ಬಿಟ್ಟ ಜನರಿಗೆ ಮೊದಲ ವರ್ಷ ತಗುಲಿದ ಸರಾಸರಿ ಪ್ರಮಾಣ 10 ಮಿಲಿಸೀವರ್ಟ್‌ಗಿಂತ ಕಡಿಮೆ ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಅಂದಾಜಿಸಿದೆ. ಅಲ್ಲಿನ ನಿವಾಸಿಗಳಲ್ಲಿ ನೇರವಾಗಿ ವಿಕಿರಣದಿಂದಲೇ ಆಯಿತೆನ್ನಬಹುದಾದ ರೋಗ ಕಂಡುಬಂದಿಲ್ಲ ಎಂದೂ ಅದು ಹೇಳಿದೆ.

ಚೆರ್ನೋಬಿಲ್ಲಿನ ಮಕ್ಕಳು ಕುಡಿದ ಹಾಲು

ಹಾಗೆಂದು ಭಯವೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಚೆರ್ನೋಬಿಲ್ ನಮ್ಮ ಕಣ್ಣ ಮುಂದಿದೆ. 1986ರ ಏಪ್ರಿಲ್ 26ರ ರಾತ್ರಿ ಅಪಘಾತವಾಯಿತು. ಪಕ್ಕದ ಪ್ರಿಪ್ಯಾತ್ ನಗರದ ಜನರನ್ನು ಹೊರಗೆ ಸಾಗಿಸಿದ್ದು ಮರುದಿನ ಮಧ್ಯಾಹ್ನ. ಸೋವಿಯತ್ ಆಡಳಿತ ವಿಷಯವನ್ನು ಮುಚ್ಚಿಟ್ಟಿತು. ಸುತ್ತಲಿನ ಹಳ್ಳಿಗಳಲ್ಲಿ ಹುಲ್ಲಿನ ಮೇಲೆ ವಿಕಿರಣ ಅಯೋಡಿನ್ ಬಿದ್ದಿತ್ತು, ಹಸುಗಳು ಆ ಹುಲ್ಲು ಮೇಯ್ದವು, ಮಕ್ಕಳು ಆ ಹಾಲು ಕುಡಿದರು.

ನಮ್ಮ ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ಅಯೋಡಿನ್ ಎಲ್ಲಿ ಸಿಕ್ಕರೂ ಹೀರಿಕೊಳ್ಳುತ್ತದೆ. ಒಳ್ಳೆಯದು ಯಾವುದು, ವಿಕಿರಣ ಸೂಸುವುದು ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲ. ಮಕ್ಕಳ ಗ್ರಂಥಿ ಚಿಕ್ಕದು, ಬೆಳೆಯುತ್ತಿರುವಂಥದು. ಆದ್ದರಿಂದ ಹಾನಿ ಹೆಚ್ಚು. ಆ ಪ್ರದೇಶಗಳಲ್ಲಿ ಅಂದು ಮಕ್ಕಳಾಗಿದ್ದವರಲ್ಲಿ 2005ರ ಹೊತ್ತಿಗೆ 6,000ಕ್ಕೂ ಹೆಚ್ಚು ಥೈರಾಯ್ಡ್ ಕ್ಯಾನ್ಸರ್ ಪ್ರಕರಣಗಳು ದಾಖಲಾದವು. ಅವುಗಳಲ್ಲಿ ದೊಡ್ಡ ಪಾಲಿಗೆ ಆ ಹಾಲೇ ಕಾರಣ. ಚಿಕಿತ್ಸೆಯಿಂದ ಹೆಚ್ಚಿನವರು ಬದುಕಿದರು ಎಂಬುದು ಸಮಾಧಾನದ ಸಂಗತಿ.

ವಿಕಿರಣ ಅಯೋಡಿನ್ ಪ್ರತಿ 8 ದಿನಕ್ಕೆ ಅರ್ಧಕ್ಕೆ ಇಳಿಯುತ್ತದೆ. ಕೆಲವು ವಾರ ಆ ಹಾಲನ್ನು ತಡೆದಿದ್ದರೆ ಬಹಳಷ್ಟು ಮಕ್ಕಳು ಪಾರಾಗುತ್ತಿದ್ದರು. ಅದೇ ಸಮಯದಲ್ಲಿ ಪಕ್ಕದ ಪೋಲೆಂಡ್ ಸರ್ಕಾರ ಸುಮಾರು ಒಂದು ಕೋಟಿ ಮಕ್ಕಳಿಗೆ ಸಾದಾ ಅಯೋಡಿನ್ ದ್ರಾವಣ ಕುಡಿಸಿತು. 2011ರ ಮಾರ್ಚ್ 23ರಂದು ಟೋಕಿಯೊದ ಒಂದು ನೀರು ಶುದ್ಧೀಕರಣ ಘಟಕದಲ್ಲಿ ಲೀಟರಿಗೆ 210 ಬೆಕೆರೆಲ್ ವಿಕಿರಣ ಅಯೋಡಿನ್ ಕಂಡಾಗ ಆಡಳಿತ ಅದನ್ನು ಅಂದೇ ಪ್ರಕಟಿಸಿ, ಹಸುಗೂಸುಗಳಿಗೆ ನಲ್ಲಿ ನೀರು ಕುಡಿಸಬೇಡಿ ಎಂದಿತು. ಶಿಶುಗಳಿಗೆ ಮಿತಿ 100 ಇತ್ತು. ಮರುದಿನ ಪ್ರಮಾಣ 79ಕ್ಕೆ ಇಳಿದಾಗ ಎಚ್ಚರಿಕೆ ಹಿಂತೆಗೆದುಕೊಂಡಿತು. ಸತ್ಯವನ್ನು ಸಕಾಲದಲ್ಲಿ ಹೇಳಿದರೆ ತಾಯಂದಿರು ತಮ್ಮ ಮಕ್ಕಳನ್ನು ಕಾಪಾಡಿಕೊಳ್ಳಬಲ್ಲರು.

ಉಪ್ಪು, ಟಿಂಚರ್, ಮಾತ್ರೆ

ಫುಕುಶಿಮಾ ದುರಂತದ ವಾರದಲ್ಲಿ ಚೀನಾದ ನಗರಗಳಲ್ಲಿ ಜನ ಅಂಗಡಿಗಳಿಗೆ ಮುಗಿಬಿದ್ದು ಉಪ್ಪು ಕೊಂಡರು. ಅಯೋಡಿನ್ ಉಪ್ಪು ತಿಂದರೆ ವಿಕಿರಣ ತಗಲುವುದಿಲ್ಲ ಎಂಬ ವದಂತಿ ಹಬ್ಬಿತ್ತು. ಒಂದು ಸರಳ ಲೆಕ್ಕ ಮಾಡೋಣ. ಥೈರಾಯ್ಡ್ ರಕ್ಷಣೆಗೆ ವಯಸ್ಕರಿಗೆ ಕೊಡುವ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ 130 ಮಿಲಿಗ್ರಾಂನದು. ಅದರಲ್ಲಿ ಸುಮಾರು 100 ಮಿಲಿಗ್ರಾಂ ಅಯೋಡಿನ್ ಇರುತ್ತದೆ. ನಮ್ಮ ಮನೆಗೆ ಬರುವ ಒಂದು ಕಿಲೋ ಉಪ್ಪಿನಲ್ಲಿ ಇರಬೇಕಾದ ಕನಿಷ್ಠ ಅಯೋಡಿನ್ 15 ಮಿಲಿಗ್ರಾಂ. ಒಂದು ಮಾತ್ರೆಯಷ್ಟು ಅಯೋಡಿನ್ ಸಿಗಲು ಆರೇಳು ಕಿಲೋ ಉಪ್ಪು ತಿನ್ನಬೇಕು! ಅಷ್ಟು ಉಪ್ಪು ತಿಂದವನು ಬದುಕುವುದಿಲ್ಲ. ಬಿ.ಪಿ. ಇರುವವರಿಗೆ ಸ್ವಲ್ಪ ಹೆಚ್ಚಿನ ಉಪ್ಪೂ ಹಾನಿಕರ.

ಟಿಂಚರ್ ಅಯೋಡಿನ್ ಗಾಯಕ್ಕೆ ಹಚ್ಚುವ ಔಷಧ. ಕುತ್ತಿಗೆಗೆ ಹಚ್ಚಿದರೆ ಥೈರಾಯ್ಡ್‌ಗೆ ರಕ್ಷಣೆ ಸಿಗುವುದಿಲ್ಲ. ಕುಡಿದರೆ ಅದು ವಿಷ.

ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ ನಿಜವಾದ ಔಷಧ, ಆದರೆ ಅದಕ್ಕೂ ಮಿತಿಯಿದೆ. ಅದು ವಿಕಿರಣ ಅಯೋಡಿನ್‌ನಿಂದ ಥೈರಾಯ್ಡನ್ನು ಮಾತ್ರ ಕಾಪಾಡುತ್ತದೆ. ಸೀಸಿಯಂನಿಂದಾಗಲಿ ಬೇರೆ ವಿಕಿರಣದಿಂದಾಗಲಿ ರಕ್ಷಣೆ ಕೊಡುವುದಿಲ್ಲ. ವಿಕಿರಣ ತಲುಪುವ ಸ್ವಲ್ಪ ಮೊದಲು ಅಥವಾ ತಲುಪಿದ ಕೆಲವೇ ಗಂಟೆಗಳಲ್ಲಿ ತೆಗೆದುಕೊಂಡರೆ ಮಾತ್ರ ಪ್ರಯೋಜನ. ಮಕ್ಕಳು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರಿಗೆ ಮೊದಲ ಆದ್ಯತೆ. ನಲವತ್ತು ದಾಟಿದವರಿಗೆ ಲಾಭ ಕಡಿಮೆ, ಥೈರಾಯ್ಡ್ ತೊಂದರೆ ಇರುವವರಿಗೆ ಅಡ್ಡ ಪರಿಣಾಮವೂ ಆಗಬಹುದು. ಆದ್ದರಿಂದ ಆರೋಗ್ಯ ಇಲಾಖೆ ಹೇಳಿದಾಗ, ಹೇಳಿದಷ್ಟೇ ತೆಗೆದುಕೊಳ್ಳಬೇಕು.

"ಯುನಾನಿಯಲ್ಲಿ ಏನಾದರೂ ಮದ್ದು ಇದೆಯೇ?" ಎಂದು ನನ್ನನ್ನು ಅನೇಕರು ಕೇಳಿದ್ದಾರೆ. ಇಲ್ಲ. ಖಮೀರಾ, ಜವಾರಿಶ್, ಕಲೋಂಜಿ, ಜೇನು, ಯಾವುದೂ ದೇಹ ಸೇರಿದ ವಿಕಿರಣವನ್ನು ಹೊರಹಾಕುವುದಿಲ್ಲ. ನಾನು ಯುನಾನಿ ವೈದ್ಯನಾಗಿಯೇ ಇದನ್ನು ಹೇಳುತ್ತಿದ್ದೇನೆ. ಹಾಗೆ ಹೇಳಿ ಯಾರಾದರೂ ಔಷಧ ಮಾರಿದರೆ ಕೊಳ್ಳಬೇಡಿ.

ಭಯವೂ ಜೀವ ತೆಗೆಯುತ್ತದೆ

ಫುಕುಶಿಮಾದಲ್ಲಿ ವಿಕಿರಣಕ್ಕಿಂತ ಮೊದಲು ಜೀವ ತೆಗೆದದ್ದು ಗಡಿಬಿಡಿಯ ಸ್ಥಳಾಂತರ. ಆಸ್ಪತ್ರೆ ಮತ್ತು ವೃದ್ಧಾಶ್ರಮಗಳಲ್ಲಿದ್ದ ಹಾಸಿಗೆ ಹಿಡಿದ ರೋಗಿಗಳನ್ನು ಬಸ್ಸುಗಳಲ್ಲಿ ಗಂಟೆಗಟ್ಟಲೆ ಸಾಗಿಸಿದರು. ವೈದ್ಯರಿಲ್ಲ, ಡ್ರಿಪ್ ಇಲ್ಲ, ಬೆಚ್ಚಗಿನ ಹೊದಿಕೆಯಿಲ್ಲ. ಸಾಗಿಸುವಾಗ ಮತ್ತು ಅದಾದ ಕೆಲವೇ ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟರು. ನಂತರದ ವರ್ಷಗಳಲ್ಲಿ ಮನೆ, ಹೊಲ, ನೆರೆಹೊರೆ ಕಳೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಖಿನ್ನತೆ ಹೆಚ್ಚಿದವು. ಸ್ಥಳಾಂತರದ ಕಷ್ಟಗಳಿಂದಾದ ಸಾವುಗಳು ಎಂದು ಫುಕುಶಿಮಾ ಪ್ರಾಂತದಲ್ಲಿ ದಾಖಲಾದವು ಎರಡು ಸಾವಿರಕ್ಕೂ ಹೆಚ್ಚು. ಅಲ್ಲಿಂದ ಬಂದ ಮಕ್ಕಳನ್ನು ಬೇರೆ ಊರಿನ ಶಾಲೆಗಳಲ್ಲಿ ವಿಕಿರಣ ಅಂಟಿದವರೆಂದು ಹೀಯಾಳಿಸಿದರು. ವಿಕಿರಣಕ್ಕೆ ಒಡ್ಡಿಕೊಂಡವರಿಂದ ಅದು ನೆಗಡಿಯಂತೆ ಹರಡುವುದಿಲ್ಲ. ಬಟ್ಟೆ ಬದಲಿಸಿ ಸ್ನಾನ ಮಾಡಿದವರನ್ನು ದೂರವಿಡಲು ಯಾವ ಕಾರಣವೂ ಇಲ್ಲ.

ಗರ್ಭಿಣಿಯರ ಬಗ್ಗೆ ವಿಶೇಷವಾಗಿ ಹೇಳಬೇಕು. ಚೆರ್ನೋಬಿಲ್ ಬಳಿಕ ಬಹುದೂರದ ಗ್ರೀಸ್‌ನಂಥ ದೇಶಗಳಲ್ಲೂ ಮಗು ವಿಕಲಾಂಗವಾಗುತ್ತದೆ ಎಂಬ ಹೆದರಿಕೆಯಿಂದ ಬೇಕೆಂದು ಬಯಸಿದ್ದ ಬಸಿರನ್ನೇ ಅನೇಕರು ತೆಗೆಸಿದರು. ಅಲ್ಲಿ ತಲುಪಿದ್ದ ವಿಕಿರಣದ ಪ್ರಮಾಣ ಮಗುವಿಗೆ ಅಂಥ ಹಾನಿ ಮಾಡುವಷ್ಟು ಇರಲೇ ಇಲ್ಲ. ಕೆಲವೆಡೆ ವೈದ್ಯರೇ ತಪ್ಪು ಸಲಹೆ ಕೊಟ್ಟರು. ಭಯದಲ್ಲಿ ಇಂಥ ತೀರ್ಮಾನ ಎಂದೂ ತೆಗೆದುಕೊಳ್ಳಬೇಡಿ. ಎಷ್ಟು ಪ್ರಮಾಣ ತಗುಲಿದೆ ಎಂದು ತಿಳಿದ ತಜ್ಞರನ್ನು ಕೇಳಿರಿ.

ಕೈಗಾ: ಕೇಳುವುದು ನಮ್ಮ ಹಕ್ಕು

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಉತ್ತರ ಕನ್ನಡದ ಕಾರವಾರ ತಾಲೂಕಿನಲ್ಲಿ ಕಾಳಿ ನದಿಯ ದಡದಲ್ಲಿರುವ ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿವೆ. ಅವು ಭಾರಜಲ ಬಳಸುವ ರಿಯಾಕ್ಟರ್‌ಗಳು, ಫುಕುಶಿಮಾದವು ಬೇರೆ ಬಗೆಯವು. ಕೈಗಾ ಸಮುದ್ರದಿಂದ ದೂರ ಒಳನಾಡಿನಲ್ಲಿದೆ. ಆದ್ದರಿಂದ ಸುನಾಮಿಯ ಅಪಾಯ ಅಲ್ಲಿಲ್ಲ.

ಆದರೆ ಕೈಗಾದ ಬಗ್ಗೆ ಜನರ ಆತಂಕ ಕಾರಣವಿಲ್ಲದ್ದಲ್ಲ. ಡಾ. ಶಿವರಾಮ ಕಾರಂತರಂಥ ಹಿರಿಯರು ಆ ಯೋಜನೆಯನ್ನು ಮೊದಲಿನಿಂದಲೂ ವಿರೋಧಿಸಿದ್ದರು. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದಲ್ಲಿದ್ದ ಗುಮ್ಮಟದ ಒಳಭಾಗದ ಕಾಂಕ್ರೀಟ್ ಕುಸಿಯಿತು. ಆಗ ಇಂಧನ ತುಂಬಿರಲಿಲ್ಲ. 2009ರ ನವೆಂಬರ್‌ನಲ್ಲಿ ಸ್ಥಾವರದೊಳಗಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಷಿಯಂ ಬೆರೆತು ಐವತ್ತಕ್ಕೂ ಹೆಚ್ಚು ನೌಕರರ ದೇಹ ಸೇರಿತು. ಮೂತ್ರ ಪರೀಕ್ಷೆಯಲ್ಲಿ ಅದು ಪತ್ತೆಯಾಯಿತು. ಒಳಗಿನವರೇ ಯಾರೋ ಬೇಕೆಂದು ಬೆರೆಸಿದ್ದಾರೆ ಎಂದು ಅಧಿಕಾರಿಗಳು ಹೇಳಿದರು.

ಅಣು ಸ್ಥಾವರಗಳ ಸುತ್ತ 16 ಕಿಲೋಮೀಟರ್ ವ್ಯಾಪ್ತಿಗೆ ತುರ್ತು ಯೋಜನೆ ಇರಬೇಕು, ಜಿಲ್ಲಾಡಳಿತ ಆಗಾಗ ಅಣಕು ಕವಾಯತು ನಡೆಸಬೇಕು. ಸ್ಥಾವರದ ಬಳಿಯ ಪರಿಸರ ಪ್ರಯೋಗಾಲಯ ಸುತ್ತಲಿನ ನೀರು, ಹಾಲು, ಮೀನುಗಳನ್ನು ಪರೀಕ್ಷಿಸುತ್ತದೆ. ಆ ಫಲಿತಾಂಶ ಏನು? ನಮ್ಮೂರಿನ ಜನ ಸೇರಬೇಕಾದ ಜಾಗ ಯಾವುದು? ಮಾತ್ರೆಗಳು ಎಲ್ಲಿವೆ? ಗ್ರಾಮಸಭೆಯಲ್ಲಿ ಇದನ್ನು ಕೇಳಿರಿ. ಫುಕುಶಿಮಾದ ನಾಮಿಯೆ ಊರಿನ ಜನ ಗಾಳಿ ಬೀಸುತ್ತಿದ್ದ ದಿಕ್ಕಿಗೇ ಓಡಿಹೋಗಿ, ವಿಕಿರಣ ಹೆಚ್ಚಿದ್ದ ಜಾಗದಲ್ಲೇ ಕೆಲವು ದಿನ ತಂಗಿದ್ದರು. ಗಾಳಿಯ ದಿಕ್ಕಿನ ಲೆಕ್ಕಾಚಾರ ಸರ್ಕಾರದ ಬಳಿ ಇತ್ತು, ಜನರಿಗೆ ತಲುಪಲಿಲ್ಲ. ಮೊದಲೇ ಕೇಳುವ ಜನರಿದ್ದರೆ ಅಧಿಕಾರಿಗಳೂ ಎಚ್ಚರವಾಗಿರುತ್ತಾರೆ.

ಮನೆಯಲ್ಲಿ ಏನು ಮಾಡಬೇಕು?

ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತೇವೆ. ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಅವುಗಳ ಹೆಸರು. ಆ ಆರನ್ನೇ ನೆನಪಿಟ್ಟುಕೊಂಡರೆ ತುರ್ತು ಸಮಯದ ಕ್ರಮಗಳೂ ನೆನಪಿರುತ್ತವೆ.

1. ಗಾಳಿ: ಎಚ್ಚರಿಕೆ ಬಂದ ಕೂಡಲೇ ಮನೆಯೊಳಗೆ ಇರಿ. ಕಿಟಕಿ ಬಾಗಿಲು ಮುಚ್ಚಿ, ಹೊರಗಿನ ಗಾಳಿ ಎಳೆಯುವ ಫ್ಯಾನ್, ಕೂಲರ್ ನಿಲ್ಲಿಸಿ. ತಾರಸಿ ಮನೆ ಹಂಚಿನ ಮನೆಗಿಂತ ಹೆಚ್ಚು ರಕ್ಷಣೆ ಕೊಡುತ್ತದೆ. ಅಂಥ ಸಮಯದಲ್ಲಿ ನಮಾಝ್ ಮನೆಯಲ್ಲೇ ನಿರ್ವಹಿಸಿ. ಜೋರು ಮಳೆಯಲ್ಲೂ ಮನೆಯಲ್ಲಿ ನಮಾಝ್ ಮಾಡಲು ನಮಗೆ ರಿಯಾಯಿತಿಯಿದೆ, ಕೋವಿಡ್ ಕಾಲದಲ್ಲಿ ಹಾಗೆಯೇ ಮಾಡಿದೆವು.

2. ಆಹಾರ ಮತ್ತು ನೀರು: ಬಾವಿಯನ್ನು, ನೀರಿನ ಟ್ಯಾಂಕನ್ನು ಮುಚ್ಚಿಡಿ. ಮನೆಯೊಳಗೆ ಮುಚ್ಚಿಟ್ಟ ಆಹಾರ ಸುರಕ್ಷಿತ. ಹೊರಗೆ ಮೇಯ್ದ ಹಸು, ಆಡಿನ ಹಾಲು, ತೋಟದ ಸೊಪ್ಪು, ಹೊಳೆಯ ಮೀನು ಬಳಸಬಹುದು ಎಂದು ಅಧಿಕಾರಿಗಳು ಹೇಳುವವರೆಗೆ ಬೇಡ. ಮಕ್ಕಳಿಗೆ ಹಾಲಿನ ಪುಡಿ ಕೊಡಿ. ಟೋಕಿಯೊದಲ್ಲಿ ಶಿಶುಗಳಿಗೆ ಕುಡಿಸಬೇಡಿ ಎಂದ ನೀರನ್ನು ಕೈಕಾಲು ತೊಳೆಯಲು ಬಳಸಬಹುದು ಎಂದೂ ತಿಳಿಸಿದ್ದರು. ಇಲ್ಲೂ ಅಂಥ ಸೂಚನೆ ಇದ್ದರೆ ವುಝೂಗೆ ಹಿಂಜರಿಯಬೇಕಿಲ್ಲ.

3. ದೇಹದ ಚಲನೆ ಮತ್ತು ವಿಶ್ರಾಂತಿ: ಆಡಳಿತ ಹೇಳುವ ಮೊದಲೇ ವಾಹನ ಹತ್ತಿ ಓಡಬೇಡಿ. ಹೊರಗಿನಿಂದ ಬಂದವರು ಬಾಗಿಲಲ್ಲೇ ಮೇಲಿನ ಬಟ್ಟೆ, ಚಪ್ಪಲಿ, ಬುರ್ಖಾ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಡಬೇಕು. ಮೈಗೆ ಅಂಟಿದ ವಿಕಿರಣ ಧೂಳಿನ ಹೆಚ್ಚಿನ ಭಾಗ ಇದರಿಂದಲೇ ಹೋಗುತ್ತದೆ. ನಂತರ ಸಾಬೂನು ಹಚ್ಚಿ ಸ್ನಾನ ಮಾಡಿ, ಚರ್ಮವನ್ನು ಗಟ್ಟಿಯಾಗಿ ಉಜ್ಜಬೇಡಿ.

4. ಮನಸ್ಸು: ಮಕ್ಕಳ ಮುಂದೆ ಗಾಬರಿಯ ಮಾತು ಬೇಡ. ದಿನವಿಡೀ ಟಿ.ವಿ. ಮುಂದೆ ಕೂರಬೇಡಿ. ಸುದ್ದಿಯನ್ನು ಪರಿಶೀಲಿಸದೆ ನಂಬಬಾರದು ಎಂದು ಪವಿತ್ರ ಕುರ್‌ಆನಿನ ಸೂರಾ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಜಿಲ್ಲಾಧಿಕಾರಿಯ ಪ್ರಕಟಣೆ, ಆಕಾಶವಾಣಿ ಇವುಗಳಿಂದ ಖಚಿತವಾಗದ ಮೆಸೇಜನ್ನು ಮುಂದೆ ಕಳಿಸಬೇಡಿ.

5. ನಿದ್ರೆ: ರಾತ್ರಿ ಸರದಿಯಂತೆ ಒಬ್ಬರು ಸುದ್ದಿ ಕೇಳುತ್ತಿರಲಿ, ಉಳಿದವರು ಮಲಗಲಿ. ನಿದ್ರೆಗೆಟ್ಟವರು ತಪ್ಪು ತೀರ್ಮಾನ ಮಾಡುತ್ತಾರೆ.

6. ದೇಹದಲ್ಲಿ ಉಳಿಯುವುದು ಮತ್ತು ಹೊರಹೋಗುವುದು: ಟ್ರಿಷಿಯಂ ದೇಹ ಸೇರಿದರೆ ನೀರು ಮತ್ತು ದ್ರವ ಪದಾರ್ಥ ಹೆಚ್ಚಾಗಿ ಕೊಟ್ಟು ಮೂತ್ರದ ಮೂಲಕ ಹೊರಹಾಕಿಸುತ್ತಾರೆ. ಇದು ವೈದ್ಯರ ನಿಗಾದಲ್ಲಿ ಆಗಬೇಕಾದದ್ದು. ವಾಂತಿ ಮಾಡಿಸುವುದು, ಭೇದಿ ಔಷಧ ಕೊಡುವುದು ಇಂಥ ಮನೆಮದ್ದು ಬೇಡ.

ಜಮಾಅತ್‌ಗಳು ಮಾಡಬಹುದಾದ ಕೆಲಸ

ಕೊನೆಯದಾಗಿ ನಮ್ಮ ಜಮಾಅತ್ ಮತ್ತು ಮೊಹಲ್ಲಾ ಕಮಿಟಿಗಳಿಗೆ ಒಂದು ವಿನಂತಿ. ಫುಕುಶಿಮಾದಲ್ಲಿ ಮೊದಲು ಸತ್ತವರು ಹಾಸಿಗೆ ಹಿಡಿದ ವೃದ್ಧರು ಎಂಬುದನ್ನು ಮರೆಯಬೇಡಿ. ನಿಮ್ಮ ಮೊಹಲ್ಲಾದಲ್ಲಿ ಎದ್ದು ನಡೆಯಲಾಗದವರು ಎಷ್ಟು ಮಂದಿ? ಡಯಾಲಿಸಿಸ್‌ಗೆ ಹೋಗುವವರು, ಇನ್ಸುಲಿನ್ ತೆಗೆದುಕೊಳ್ಳುವವರು, ತುಂಬು ಗರ್ಭಿಣಿಯರು ಯಾರು? ಗಂಡಸರು ಗಲ್ಫ್‌ನಲ್ಲಿದ್ದು ಹೆಂಗಸರು ಮಕ್ಕಳಷ್ಟೇ ಇರುವ ಮನೆಗಳು ಯಾವುವು? ಒಂದು ಪಟ್ಟಿ ಮಾಡಿಡಿ. ಅದರಲ್ಲಿ ಜಾತಿ ಧರ್ಮ ನೋಡದೆ ನೆರೆಹೊರೆಯವರನ್ನೂ ಸೇರಿಸಿ. ಅವರನ್ನು ಯಾರು, ಯಾವ ವಾಹನದಲ್ಲಿ ಕರೆದೊಯ್ಯಬೇಕು ಎಂದು ಈಗಲೇ ನಿಶ್ಚಯಿಸಿ. ಮನೆಮನೆಯಲ್ಲೂ ಎರಡು ವಾರಕ್ಕಾಗುವ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಮತ್ತು ವೈದ್ಯರ ಚೀಟಿ ಒಂದು ಚೀಲದಲ್ಲಿ ಸಿದ್ಧವಿರಲಿ. ಈ ಪಟ್ಟಿ ನೆರೆ ಬಂದಾಗ, ಗುಡ್ಡ ಕುಸಿದಾಗಲೂ ಉಪಯೋಗಕ್ಕೆ ಬರುತ್ತದೆ.

ಒಂಟೆಯನ್ನು ಮೊದಲು ಕಟ್ಟಿ ಹಾಕಿ, ಬಳಿಕ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಆ ತಾಯಿಯ ಮಗಳು ಈಗ ಕಾಲೇಜಿಗೆ ಹೋಗುವ ವಯಸ್ಸಿನವಳು. ಅವಳ ಕೈಯಲ್ಲೂ ಫೋನ್ ಇದೆ. ಮುಂದೊಮ್ಮೆ ಅಂಥ ಮೆಸೇಜ್ ಬಂದರೆ ಅವಳು ಅದನ್ನು ನಂಬುವ ಮೊದಲು "ಎಷ್ಟು ವಿಕಿರಣ? ಯಾರು ಅಳೆದರು?" ಎಂದು ಕೇಳಲಿ. ಅಲ್ಲಾಹನು ನಮ್ಮೆಲ್ಲರನ್ನೂ ಇಂಥ ಆಪತ್ತುಗಳಿಂದ ಕಾಪಾಡಲಿ. ಆಮೀನ್.